ಹಸಿರು ಮುನಿಯಾ ಮತ್ತು ಶ್ರಾವಕನ ಅಣುವ್ರತ

ಕಳೆದ ದಶಲಕ್ಷಣ ಪರ್ವದ ಉತ್ತಮ ತ್ಯಾಗದ ದಿನ, ಪೂಜೆ ಮುಗಿಸಿ ಬಸದಿಯ ಜಗಲಿಯಲ್ಲಿ ಕುಳಿತಿದ್ದಾಗ, ನಮ್ಮ ಬಂಧುವರ್ಗದ ತರುಣನೊಬ್ಬನು ನನ್ನ ಬಳಿಗೆ ಬಂದು ಒಂದು ಪ್ರಶ್ನೆಯನ್ನು ಮುಂದಿಟ್ಟನು. ಈತನು ಸುಶಿಕ್ಷಿತ, ನಿರ್ವ್ಯಸನಿ. ರಾತ್ರಿಭೋಜನವನ್ನು ಇಂದಿಗೂ ವರ್ಜಿಸಿದವನು. ಮನೆಯ ಮಾಳಿಗೆಯ ಮೇಲೆ ಇಪ್ಪತ್ತು ಪಂಜರಗಳನ್ನಿಟ್ಟು ಜೀಬ್ರಾ ಫಿಂಚ್, ಬೆಂಗಾಲೀಸ್, ಗೌಲ್ಡಿಯನ್ ಮೊದಲಾದ ವಿದೇಶೀ ಸಣ್ಣ ಹಕ್ಕಿಗಳನ್ನು ಸಾಕಿ ಮರಿ ಮಾಡಿಸುವ ಹವ್ಯಾಸ ಅವನಿಗುಂಟು. ಅವನಿಗೆ ಯಾರೋ ಒಬ್ಬರು ಎರಡು ಜೋಡಿ ಹಸಿರು ಮುನಿಯಾಗಳನ್ನು ಒದಗಿಸುವುದಾಗಿ ಹೇಳಿದ್ದರಂತೆ. ಬೆಲೆ ದೊಡ್ಡದು. ಅರ್ಧ ಬಂಡವಾಳವನ್ನು ನಾನು ಹಾಕಬಹುದೇ ಎಂಬುದು ಅವನ ಕೇಳಿಕೆಯ ಒಂದು ಭಾಗ. ಇನ್ನೊಂದು ಭಾಗವೇ ಈ ಲೇಖನಕ್ಕೆ ಕಾರಣವಾದದ್ದು. “ಅಳಿದು ಹೋಗುತ್ತಿರುವ ಒಂದು ಜೀವಕುಲವನ್ನು ಮರಿ ಮಾಡಿಸಿ ಉಳಿಸುವುದು ಜೀವದಯೆಯೇ ತಾನೆ? ಇದರಲ್ಲಿ ದೋಷವೆಲ್ಲಿದೆ?” ಎಂದು ಅವನು ಕೇಳಿದನು.

ನಾನು ಕೂಡಲೇ ಉತ್ತರ ಕೊಡಲಿಲ್ಲ. ನಾಲ್ಕು ದಶಕ ಧಾನ್ಯದ ವ್ಯಾಪಾರ ಮಾಡಿದವನಿಗೆ ಒಂದು ಅಭ್ಯಾಸವಿರುತ್ತದೆ. ಲೆಕ್ಕದ ಎರಡೂ ಬದಿಗಳನ್ನು ನೋಡದೆ ಸಹಿ ಹಾಕುವುದಿಲ್ಲ. ಹತ್ತು ದಿನ ಕಾಲಾವಕಾಶ ಕೇಳಿದೆ. ಆ ಹತ್ತು ದಿನಗಳಲ್ಲಿ ಓದಿದ್ದು, ನೆನೆದದ್ದು, ಮತ್ತು ನನ್ನ ಹಳೆಯ ಖಾತೆಯಲ್ಲೇ ಕಂಡುಬಂದ ಒಂದು ಬಾಕಿಯನ್ನು ಸುಧೀ ವಾಚಕರ ಮುಂದಿಡುತ್ತಿದ್ದೇನೆ.

ಮೊದಲು ಹಕ್ಕಿಯ ವಿಷಯ. ನಮ್ಮ ಹೊಲಗದ್ದೆಗಳಲ್ಲಿ ಗುಂಪುಗೂಡಿ ತೆನೆಗಳ ಮೇಲೆ ಎರಗುವ, ಕನ್ನಡದಲ್ಲಿ ರಾಟವಾಳವೆಂದು ಕರೆಯಲ್ಪಡುವ ಪುಟ್ಟ ಹಕ್ಕಿಗಳನ್ನು ಎಲ್ಲರೂ ಕಂಡಿದ್ದಾರೆ. ಹಿಂದಿಯಲ್ಲಿ ಇವಕ್ಕೆ ಮುನಿಯಾ ಎಂದು ಹೆಸರು. ಇವುಗಳ ಕುಟುಂಬಕ್ಕೇ ಸೇರಿದ ಹಸಿರು ಮುನಿಯಾ ಮಾತ್ರ ಎಲ್ಲೆಡೆ ಕಾಣಸಿಗುವಂಥದಲ್ಲ. ಹತ್ತು ಸೆಂಟಿಮೀಟರ್ ಉದ್ದ, ಮೇಲ್ಮೈ ಎಳೆಯ ಹಸಿರು, ಹೊಟ್ಟೆ ಹಳದಿ, ಪಕ್ಕೆಗಳ ಮೇಲೆ ಕಪ್ಪು ಬಿಳುಪಿನ ಅಡ್ಡಪಟ್ಟೆಗಳು, ಕೊಕ್ಕು ಮಾತ್ರ ಮೇಣದಂತೆ ಕೆಂಪು. ಜಗತ್ತಿನಲ್ಲಿ ಭಾರತದ ಹೊರಗೆ ಇದಕ್ಕೆ ಸ್ವಂತ ನೆಲೆ ಬೇರೆಲ್ಲೂ ಇಲ್ಲ. ರಾಜಸ್ಥಾನದ ದಕ್ಷಿಣ ಭಾಗ, ಮಧ್ಯಪ್ರದೇಶ ಮತ್ತು ಅದರ ಸುತ್ತಲಿನ ಕೆಲವು ಪ್ರದೇಶಗಳಲ್ಲಿ ಚದುರಿದಂತೆ ಉಳಿದುಕೊಂಡಿದೆ. ಎತ್ತರದ ಹುಲ್ಲು, ಕುರುಚಲು ಪೊದೆ, ಕಬ್ಬಿನ ಗದ್ದೆ ಇವುಗಳ ಮಧ್ಯೆ ಹುಲ್ಲಿನ ಎಸಳುಗಳಿಂದ ಚೆಂಡಿನಂಥ ಗೂಡು ಹೆಣೆಯುತ್ತದೆ. ಅಂತಾರಾಷ್ಟ್ರೀಯ ಪಟ್ಟಿಯಲ್ಲಿ ಇದು ಅಪಾಯದಂಚಿನ ಜೀವಿಗಳ ಸಾಲಿನಲ್ಲಿದೆ. ಅದಕ್ಕೆ ನೆಲೆ ಕುಗ್ಗಿದ್ದು ಒಂದು ಕಾರಣವಾದರೆ, ಪಂಜರದ ವ್ಯಾಪಾರಕ್ಕಾಗಿ ಬಲೆ ಬೀಸಿದ್ದು ಇನ್ನೊಂದು ಮುಖ್ಯ ಕಾರಣ.

ಇದರ ಹೆಸರಿನಲ್ಲಿಯೇ ನಮ್ಮ ವ್ಯಾಪಾರದ ಗುರುತಿದೆ. ಈ ಜಾತಿಯ ಹಕ್ಕಿಗಳನ್ನು ಇಂಗ್ಲಿಷರು ‘ಅವದವತ್’ ಎನ್ನುತ್ತಾರೆ. ಅದು ಅಹಮದಾಬಾದ್ ಎಂಬ ಊರ ಹೆಸರಿನ ಅಪಭ್ರಂಶ. ಹಿಂದಿನ ಕಾಲದಲ್ಲಿ ಪಂಜರದ ಹಕ್ಕಿಗಳು ಆ ನಗರದಿಂದ ಯೂರೋಪಿಗೆ ಹೋಗುತ್ತಿದ್ದುದರಿಂದ, ಗೋಣಿಯ ಮೇಲಿನ ಮುದ್ರೆಯಂತೆ ಮಾರಾಟವಾದ ಊರೇ ಜೀವಿಯ ಹೆಸರಾಯಿತು. ಶಾಸ್ತ್ರಜ್ಞರ ಲ್ಯಾಟಿನ್ ಹೆಸರಿನ ಮೊದಲ ಪದವಾದ ‘ಅಮಂದವಾ’ ಕೂಡ ಅದೇ ಊರಿನಿಂದ ಬಂದದ್ದು. ಸಾವಿರಾರು ಜೈನ ಶ್ರೇಷ್ಠಿಗಳ ನೆಲೆಯಾಗಿದ್ದ ಪಟ್ಟಣವೊಂದು ಜಗತ್ತಿನ ಪಕ್ಷಿಶಾಸ್ತ್ರದಲ್ಲಿ ಪಂಜರದ ಹೆಸರಾಗಿ ಉಳಿದಿರುವುದನ್ನು ಓದಿದಾಗ ನನಗೆ ಸಂತೋಷವಾಗಲಿಲ್ಲ.

ತರುಣನ ವಾದವನ್ನು ಅವನ ಪರವಾಗಿಯೇ ನಿಂತು ಹೇಳಬೇಕು. ಅದು ದುರ್ಬಲವಾದ ವಾದವೇನೂ ಅಲ್ಲ. ಜೀಬ್ರಾ ಫಿಂಚ್ ಎಂಬ ಆಸ್ಟ್ರೇಲಿಯಾದ ಹಕ್ಕಿ ಇಂದು ಲೋಕದ ಎಲ್ಲ ಪಟ್ಟಣಗಳ ಅಂಗಡಿಗಳಲ್ಲಿದೆ. ಆದರೆ ಅದಕ್ಕಾಗಿ ಯಾರೂ ಆಸ್ಟ್ರೇಲಿಯಾದ ಬಯಲಿಗೆ ಬಲೆ ಹೊತ್ತು ಹೋಗುವುದಿಲ್ಲ. ಪಂಜರದಲ್ಲೇ ಹುಟ್ಟಿದ ಹಕ್ಕಿ ಅಗ್ಗವಾದಾಗ ಕಾಡಿನ ಹಕ್ಕಿಗೆ ಬೆಲೆಯೇ ಇರುವುದಿಲ್ಲ. ಹಾಗೆಯೇ ಹಸಿರು ಮುನಿಯಾವನ್ನೂ ಮರಿ ಮಾಡಿಸಿ ಅಗ್ಗ ಮಾಡಿದರೆ ಬಲೆಗಾರನ ಕಸುಬು ತಾನಾಗಿಯೇ ನಿಲ್ಲುತ್ತದೆ. ಕಾಡಿನಲ್ಲಿ ನಾಳೆ ಇದು ನಶಿಸಿದರೂ ಮಾಳಿಗೆಯ ಮೇಲೆ ಬೀಜ ಉಳಿದಿರುತ್ತದೆ. ಪೂರೈಕೆ ಹೆಚ್ಚಿದರೆ ಬೆಲೆ ಇಳಿಯುತ್ತದೆಂಬುದನ್ನು ಬಿ.ಕಾಂ. ಪದವಿಗೆ ಓದುವಾಗ ನಾನೂ ಕಲಿತಿದ್ದೇನೆ. ಈ ಮಾತಿನಲ್ಲಿ ಲೋಭವಿಲ್ಲ, ಕರುಣೆಯೇ ಇದೆ. ಆದರೆ ಕರುಣೆಯಿಂದ ಮಾಡಿದ ವ್ಯವಹಾರವೂ ಹೇಗೆ ಬಲೆಗಾರನ ಖಾತೆಗೆ ಜಮೆಯಾಗುತ್ತದೆಂಬುದನ್ನು ನಾನು ಸ್ವಂತ ಅನುಭವದಿಂದ ಬಲ್ಲೆ.

ಅದು 1986ರ ಮಾತು. ಹುಬ್ಬಳ್ಳಿಯಿಂದ ವ್ಯಾಪಾರದ ಕೆಲಸಕ್ಕಾಗಿ ಮುಂಬಯಿಗೆ ಹೋಗಿದ್ದೆ. ಮಹಾವೀರ ಜಯಂತಿ ಹತ್ತಿರವಾಗಿತ್ತು. ಅಲ್ಲಿನ ಒಂದು ಮಾರುಕಟ್ಟೆಯಲ್ಲಿ ಮೊಣಕಾಲೆತ್ತರದ ಬಿದಿರಿನ ಪಂಜರಗಳೊಳಗೆ ಹಕ್ಕಿಗಳನ್ನು ಧಾನ್ಯ ತುಂಬಿದಂತೆ ತುಂಬಿದ್ದರು. ಆ ಕಾಲದಲ್ಲಿ ಪರವಾನಗಿ ಪಡೆದು ಮಾರುವುದಕ್ಕೆ ಅವಕಾಶವಿತ್ತು. ನನಗೆ ನೋಡಲಾಗಲಿಲ್ಲ. ಜೇಬಿನಲ್ಲಿದ್ದ ಹಣವನ್ನೆಲ್ಲ ಎಣಿಸಿ ನಲವತ್ತು ಮುನಿಯಾಗಳನ್ನು ಕೊಂಡೆ. ಅವುಗಳಲ್ಲಿ ಆರು ಹಸಿರು. “ಇದು ಆಬೂ ಬೆಟ್ಟದ ಮಾಲು, ಸುಲಭಕ್ಕೆ ಸಿಗದು” ಎಂದು ಮಾರುವವನು ಅವಕ್ಕೆ ನಾಲ್ಕು ಪಟ್ಟು ಬೆಲೆ ಹೇಳಿದನು. ಬಿಡುಗಡೆಯ ಪುಣ್ಯಕ್ಕೆ ಚೌಕಾಸಿ ಮಾಡಬಾರದೆಂದು ನಾನೂ ಕೊಟ್ಟೆ. ರೈಲಿನಲ್ಲಿ ಒಂದು ರಾತ್ರಿ ಕಳೆದು ಊರಿಗೆ ಬರುವಷ್ಟರಲ್ಲಿ ಹನ್ನೊಂದು ಸತ್ತಿದ್ದವು. ಉಳಿದವನ್ನು ಜಯಂತಿಯ ದಿನ ಮೆರವಣಿಗೆಯ ನಂತರ ಬಸದಿಯ ತೋಟದಲ್ಲಿ, ಮಕ್ಕಳ ಚಪ್ಪಾಳೆಯ ನಡುವೆ, ಹಾರಿಬಿಟ್ಟೆವು. ಕೆಲವು ಹಾರಿದವು. ಹಲವು ಪೊದೆಯ ಬುಡದಲ್ಲಿಯೇ ಕುಳಿತುಬಿಟ್ಟವು. ಹಸಿರು ಮುನಿಯಾಗಳಲ್ಲೊಂದು ಮಕ್ಕಳು ಇಟ್ಟಿದ್ದ ನೀರಿನ ತಟ್ಟೆಯಲ್ಲಿ ಸ್ನಾನ ಮಾಡಿತು. ತಟ್ಟೆಯ ನೀರು ಹಸಿರಾಯಿತು; ಹಕ್ಕಿ ಕಂದಾಯಿತು. ನಮ್ಮ ಗದ್ದೆಯಲ್ಲಿ ನಿತ್ಯ ಕಾಣುವ ಸಾಧಾರಣ ರಾಟವಾಳಕ್ಕೆ ಬಣ್ಣ ಬಳಿದು ಮಾರಿದ್ದರು. ಆರೂ ಹಾಗೆಯೇ ಇದ್ದವೋ, ಕೆಲವು ಮಾತ್ರವೋ, ತಿಳಿಯಲಿಲ್ಲ.

ಮೋಸ ಹೋದದ್ದಕ್ಕೆ ನನಗೆ ಆಗ ಕೋಪ ಬಂದಿತ್ತು. ಇಂದು ಯೋಚಿಸಿದರೆ ಅದು ಸಣ್ಣ ವಿಷಯ. ದೊಡ್ಡ ವಿಷಯ ಮರುವರ್ಷ ನಡೆಯಿತು. ಅದೇ ಮಾರುಕಟ್ಟೆಯಲ್ಲಿ ಹಾಯ್ದು ಹೋಗುವಾಗ ಆ ವ್ಯಾಪಾರಿ ನನ್ನನ್ನು ಗುರುತಿಸಿ, ಬಹಳ ವಿನಯದಿಂದ, “ಸೇಠಜೀ, ಈ ಸಲದ ಜಯಂತಿಗೆ ಎಷ್ಟು ತರಿಸಲಿ?” ಎಂದು ಕೇಳಿದನು. ನಾನು ಅಲ್ಲಿಯೇ ನಿಂತುಬಿಟ್ಟೆ. ನನ್ನ ದಯೆ ಅವನ ಪುಸ್ತಕದಲ್ಲಿ ಒಂದು ಬೇಡಿಕೆಯಾಗಿ ದಾಖಲಾಗಿತ್ತು. ಹಬ್ಬಗಳಿಗೆ ಮುಂಚೆ ಜೈನರು ಬಿಡಿಸಲು ಕೊಳ್ಳುತ್ತಾರೆಂದು ಲೆಕ್ಕ ಹಾಕಿಯೇ ಎಲ್ಲೋ ಒಂದು ಹೊಲದಲ್ಲಿ ಬಲೆ ಹಾಸಲಾಗುತ್ತಿತ್ತು. ನಾನು ನಲವತ್ತನ್ನು ಬಿಡಿಸಿದ್ದೆನೆಂದು ತಿಳಿದಿದ್ದೆ. ವಾಸ್ತವದಲ್ಲಿ ಮುಂದಿನ ನಲವತ್ತಕ್ಕೆ ಮುಂಗಡ ಕೊಟ್ಟು ಬಂದಿದ್ದೆ.

ನಮ್ಮ ಆಚಾರ್ಯರು ಈ ಸೂಕ್ಷ್ಮವನ್ನು ಅರಿಯದವರಲ್ಲ. ಪಾಪವು ಮೂರು ದ್ವಾರಗಳಿಂದ ಬರುತ್ತದೆ: ಕೃತ, ಕಾರಿತ, ಅನುಮೋದಿತ. ತಾನು ಮಾಡಿದ್ದು, ಮಾಡಿಸಿದ್ದು, ಮಾಡಿದ್ದನ್ನು ಮೆಚ್ಚಿದ್ದು. ಬಲೆ ಬೀಸಿದವನದು ಕೃತವಾದರೆ, ಕೊಂಡವನದು ಕಾರಿತ, ಪಂಜರದ ಮುಂದೆ ನಿಂತು “ಎಷ್ಟು ಚೆಂದ!” ಎಂದವನದು ಅನುಮೋದಿತ. ಅಮೃತಚಂದ್ರಾಚಾರ್ಯರು ಪುರುಷಾರ್ಥ ಸಿದ್ಧ್ಯುಪಾಯದಲ್ಲಿ ಇನ್ನೂ ಮುಂದೆ ಹೋಗಿ, ಒಬ್ಬನು ಮಾಡಿದ ಹಿಂಸೆಯ ಫಲವನ್ನು ಅನೇಕರು ಉಣ್ಣುವುದೂ, ಅನೇಕರು ಮಾಡಿದ ಹಿಂಸೆಯ ಫಲವನ್ನು ಒಬ್ಬನೇ ಉಣ್ಣುವುದೂ ಉಂಟೆಂದು ತಿಳಿಸುತ್ತಾರೆ. ಈ ಮಾತನ್ನು ಬಾಲ್ಯದಲ್ಲಿ ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದಾಗ ನನಗೆ ಅರ್ಥವಾಗಿರಲಿಲ್ಲ. ಮಾರುಕಟ್ಟೆಯೆಂಬುದು ಅದಕ್ಕೆ ಬರೆದ ಭಾಷ್ಯದಂತಿದೆ. ಬೆಟ್ಟದ ಬುಡದ ಬಡವನೊಬ್ಬನು ಹೊಟ್ಟೆಪಾಡಿಗೆ ಬಲೆ ಬೀಸುತ್ತಾನೆ. ಅವನಿಗೆ ಸಿಗುವುದು ಅಲ್ಪ. ದೊಡ್ಡ ಮೊತ್ತವನ್ನು ಕೊಟ್ಟು ಆ ಬಲೆಯನ್ನು ಹರಡಿಸಿದವನು ದೂರದಲ್ಲಿ ಶುಚಿಯಾದ ಬಟ್ಟೆ ಉಟ್ಟು ಕುಳಿತಿರುತ್ತಾನೆ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ. ಅವುಗಳಲ್ಲಿ ಮೊದಲನೆಯದೇ ಬಂಧ. ವಧೆ ಆಮೇಲೆ ಬರುತ್ತದೆ. ಕೊಲ್ಲದೆ, ಹೊಡೆಯದೆ, ಹಸಿವಿನಲ್ಲಿ ಇಡದೆ, ಹೊತ್ತುಹೊತ್ತಿಗೆ ಉಣಿಸಿದರೂ, ಸ್ವೇಚ್ಛೆಯಾಗಿ ಸಂಚರಿಸುವ ಜೀವಿಯನ್ನು ಕಟ್ಟಿಡುವುದೇ ವ್ರತಕ್ಕೆ ಕಳಂಕವೆಂದು ಇದರ ತಾತ್ಪರ್ಯ. ಹೊಲ ಉಳುವ ಎತ್ತನ್ನು ಕಟ್ಟುವುದು ಕೃಷಿಕನಿಗೆ ಅನಿವಾರ್ಯ. ಅದು ಉದ್ಯೋಗೀ ಹಿಂಸೆಯ ಲೆಕ್ಕಕ್ಕೆ ಹೋಗಬಹುದು. ಹತ್ತು ಸೆಂಟಿಮೀಟರಿನ ಹಸಿರು ಹಕ್ಕಿಯನ್ನು ಕಟ್ಟಿಡುವುದಕ್ಕೆ ಕಣ್ಣಿನ ಸುಖವನ್ನು ಬಿಟ್ಟು ಬೇರೆ ಯಾವ ಅನಿವಾರ್ಯವಿದೆ? ಶ್ವೇತಾಂಬರ ಪರಂಪರೆಯ ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಶ್ರಾವಕನಿಗೆ ನಿಷಿದ್ಧವಾದ ಹದಿನೈದು ವೃತ್ತಿಗಳನ್ನು ಎಣಿಸುವಾಗ, ಹಣಕ್ಕಾಗಿ ಸಾರಿಕೆ, ಗಿಳಿ, ನವಿಲು ಮೊದಲಾದವನ್ನು ಸಾಕುವುದನ್ನು ‘ಅಸತೀಪೋಷಣ’ವೆಂದು ಕರೆದು ಅದೇ ಪಟ್ಟಿಗೆ ಸೇರಿಸಿದ್ದಾರೆ. ಹನ್ನೆರಡನೆಯ ಶತಮಾನದ ಗುಜರಾತಿನಲ್ಲಿ, ಅಂದರೆ ಮುಂದೆ ಅವದವತ್ ಎಂಬ ಹೆಸರು ಹುಟ್ಟಿದ ನಾಡಿನಲ್ಲಿಯೇ, ಈ ಮಾತನ್ನು ಬರೆದರೆಂಬುದು ಗಮನಿಸತಕ್ಕ ಅಂಶ.

ಅಚೌರ್ಯಾಣುವ್ರತದ ಅತಿಚಾರಗಳನ್ನೂ ಇಲ್ಲಿ ನೆನೆಯಬೇಕು. ತದಾಹೃತಾದಾನವೆಂದರೆ ಕಳ್ಳನು ತಂದುದನ್ನು ಕೊಳ್ಳುವುದು. ವಿರುದ್ಧರಾಜ್ಯಾತಿಕ್ರಮವೆಂದರೆ ರಾಜ್ಯದ ಕಟ್ಟಳೆಯನ್ನು ಮೀರುವುದು. ಪ್ರತಿರೂಪಕವ್ಯವಹಾರವೆಂದರೆ ಒಂದನ್ನು ಮತ್ತೊಂದೆಂದು ತೋರಿಸಿ ಮಾರುವುದು; ಬಣ್ಣ ಬಳಿದ ರಾಟವಾಳಕ್ಕೆ ಇದಕ್ಕಿಂತ ಸರಿಯಾದ ಹೆಸರಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 1991ರಲ್ಲಿ ತಿದ್ದುಪಡಿಯಾದ ಮೇಲೆ ನಮ್ಮ ದೇಶದ ಮುನಿಯಾಗಳನ್ನು ಹಿಡಿಯುವುದೂ ಮಾರುವುದೂ ಅಪರಾಧವಾಗಿದೆ. ಹಸಿರು ಮುನಿಯಾದ ಅಂತಾರಾಷ್ಟ್ರೀಯ ವ್ಯಾಪಾರದ ಮೇಲೂ ಸೈಟಿಸ್ ಒಪ್ಪಂದದ ನಿಯಂತ್ರಣವಿದೆ. ಆದ್ದರಿಂದ ತರುಣನಿಗೆ ಯಾರು ಎರಡು ಜೋಡಿ ಒದಗಿಸುತ್ತೇನೆಂದರೋ ಅವರ ಬಳಿ ಇರುವುದು ಒಂದೋ ಬೆಟ್ಟದಿಂದ ಕದ್ದ ಮಾಲು, ಅಥವಾ ಬಣ್ಣದ ಮಾಲು. “ಅವು ಪಂಜರದಲ್ಲೇ ಹುಟ್ಟಿದವಂತೆ” ಎಂದು ಅವನು ಹೇಳಿದನು. ಹಾಗೆಂದು ಯಾರು ಹೇಳಿದರು ಎಂದು ಕೇಳಿದೆ. ಮಾರುವವರೇ ಹೇಳಿದ್ದರು.

ಇದಿಷ್ಟೇ ಆಗಿದ್ದರೆ ಕಾಯಿದೆಯ ಹೆಸರು ಹೇಳಿ ಮಾತು ಮುಗಿಸಬಹುದಿತ್ತು. ಆದರೆ ಅವನ ಪ್ರಶ್ನೆ ಅದಕ್ಕಿಂತ ಆಳವಾದದ್ದು. ನಾಳೆ ಕಾಯಿದೆ ಅನುಮತಿ ಕೊಟ್ಟರೆ, ಹಕ್ಕಿ ನಿಜವಾಗಿಯೂ ಪಂಜರದಲ್ಲೇ ಹುಟ್ಟಿದ್ದಾದರೆ, ಆಗ ಮರಿ ಮಾಡಿಸುವುದು ದಯೆಯಾಗುವುದೇ?

ಈ ಪ್ರಶ್ನೆಗೆ ಅವನ ಮಾಳಿಗೆಯ ಮೇಲೆಯೇ ಒಂದು ಉತ್ತರವಿದೆ. ಗೌಲ್ಡಿಯನ್ ಫಿಂಚ್ ಎಂಬ ಹಕ್ಕಿಗೆ ನೇರಳೆ ಎದೆ, ಹಳದಿ ಹೊಟ್ಟೆ, ಹಸಿರು ಬೆನ್ನು. ತಲೆ ಕೆಲವಕ್ಕೆ ಕಪ್ಪು, ಕೆಲವಕ್ಕೆ ಕೆಂಪು. ಜಾನ್ ಗೌಲ್ಡ್ ಎಂಬ ಇಂಗ್ಲಿಷ್ ಪಕ್ಷಿತಜ್ಞನು 1841ರಲ್ಲಿ ತೀರಿಕೊಂಡ ತನ್ನ ಪತ್ನಿ ಎಲಿಜಬೆತ್‌ಳ ನೆನಪಿಗಾಗಿ ಅದಕ್ಕೆ ಆ ಹೆಸರಿಟ್ಟನು. ಆಸ್ಟ್ರೇಲಿಯಾ ತನ್ನ ಹಕ್ಕಿಗಳ ರಫ್ತನ್ನು 1960ರಲ್ಲಿ ನಿಲ್ಲಿಸಿತು. ಅಷ್ಟರೊಳಗೆ ಹೊರದೇಶಗಳಿಗೆ ಹೋಗಿದ್ದ ಹಕ್ಕಿಗಳ ಸಂತಾನವೇ ಇಂದು ಲೋಕದ ಪಂಜರಗಳಲ್ಲಿ ಲಕ್ಷಗಟ್ಟಲೆ ಇದೆ. ಹೀಗಿರುವಾಗ ತರುಣನ ಸಿದ್ಧಾಂತದ ಪ್ರಕಾರ ಕಾಡಿನ ಗೌಲ್ಡಿಯನ್ ಸುಖವಾಗಿರಬೇಕಿತ್ತು. ಆದರೆ ಉತ್ತರ ಆಸ್ಟ್ರೇಲಿಯಾದ ಹುಲ್ಲುಗಾವಲಿನಲ್ಲಿ ಅವು ವಿರಳವಾಗಿಯೇ ಉಳಿದಿವೆ. ಅವುಗಳ ಮುಖ್ಯ ಆಹಾರ ಕಾಡುಜೋಳದ ಬೀಜ. ನಮ್ಮ ಜೋಳದ ದಾಯಾದಿ ಹುಲ್ಲು ಅದು. ಗೂಡು ಮುದಿ ನೀಲಗಿರಿ ಜಾತಿಯ ಮರಗಳ ಪೊಟರೆಯಲ್ಲಿ. ಬೆಂಕಿ ಬೀಳುವ ಕ್ರಮ ಬದಲಾಗಿ, ದನಗಳ ಮೇವು ಹೆಚ್ಚಾಗಿ, ಹುಲ್ಲು ಬೀಜ ಬಿಡುವ ಕಾಲ ಏರುಪೇರಾದರೆ ಹಕ್ಕಿಗೆ ಉಪವಾಸ. ಮಾಳಿಗೆಯ ಮೇಲಿನ ಲಕ್ಷ ಹಕ್ಕಿಗಳಿಂದ ಆ ಹುಲ್ಲಿಗೆ ಒಂದು ಎಸಳೂ ಹೆಚ್ಚುವುದಿಲ್ಲ. ಅಷ್ಟಲ್ಲದೆ, ಪಂಜರದವರು ನೀಲಿ, ಬಿಳಿ, ಹಳದಿ ಬಣ್ಣದ ಗೌಲ್ಡಿಯನ್‌ಗಳನ್ನು ಆರಿಸಿ ಆರಿಸಿ ಬೆಳೆಸಿದ್ದಾರೆ. ಅವಕ್ಕೆ ಬೆಲೆಯೂ ಹೆಚ್ಚು. ಆ ನೀಲಿ ಹಕ್ಕಿ ಯಾವ ಕಾಡಿಗೂ ಸೇರಿದ್ದಲ್ಲ.

ಅವನು ತನ್ನ ಪದ್ಧತಿಯನ್ನು ಬಹಳ ಉತ್ಸಾಹದಿಂದ ವಿವರಿಸಿದನು. ಗೌಲ್ಡಿಯನ್ ಹಕ್ಕಿ ಎಷ್ಟೋ ಸಲ ಮೊಟ್ಟೆಯಿಟ್ಟು ಕಾವು ಕೊಡದೆ ಬಿಟ್ಟುಬಿಡುತ್ತದೆ. ಆಗ ಆ ಮೊಟ್ಟೆಗಳನ್ನು ಬೆಂಗಾಲೀಸ್ ಹಕ್ಕಿಯ ಕೆಳಗೆ ಇಡುತ್ತಾರೆ. ಅದು ಯಾರ ಮರಿಯನ್ನಾದರೂ ಸಾಕುವ ದಾದಿ. ಬೆಂಗಾಲೀಸ್ ಎಂಬುದು ನಮ್ಮ ಮಲೆನಾಡಿನಲ್ಲಿಯೂ ಕಾಣುವ ಬಿಳಿಬೆನ್ನಿನ ರಾಟವಾಳದ ಜಾತಿಯಿಂದ ಜಪಾನಿನಲ್ಲಿ ಶತಮಾನಗಳ ಸಾಕಣೆಯಿಂದ ಬಂದ ತಳಿ. ಹಸಿರು ಮುನಿಯಾಕ್ಕೂ ಅದನ್ನೇ ದಾದಿಯಾಗಿ ಇಡುವ ಯೋಜನೆ ಅವನದು. ಜರ್ಮನಿಯ ಕ್ಲಾಸ್ ಇಮೆಲ್ಮನ್ ಎಂಬ ವಿಜ್ಞಾನಿಯು ಜೀಬ್ರಾ ಫಿಂಚ್‌ನ ಗಂಡು ಮರಿಗಳನ್ನು ಹೀಗೆಯೇ ಬೆಂಗಾಲೀಸ್ ದಾದಿಯಿಂದ ಬೆಳೆಸಿ ನೋಡಿದ್ದನು. ದೊಡ್ಡವಾದ ಮೇಲೆ ಅವು ತಮ್ಮ ಕುಲದ ಹೆಣ್ಣನ್ನು ಬಿಟ್ಟು ಬೆಂಗಾಲೀಸ್ ಹೆಣ್ಣಿನ ಮುಂದೆ ಹಾಡಿ ಕುಣಿದವು. ತಾವು ಯಾರೆಂಬುದೇ ಅವಕ್ಕೆ ತಿಳಿದಿರಲಿಲ್ಲ. ಒಂದು ಕುಲವನ್ನು ಉಳಿಸುತ್ತೇವೆಂದು ಹೊರಟವರು ಏನನ್ನು ಉಳಿಸುತ್ತಾರೆ? ಗರಿಯ ಬಣ್ಣವನ್ನೇ? ಆ ಜೀವಿ ತನ್ನವರಿಂದ ಕಲಿಯುವ ಹಾಡು, ಸಂಗಾತಿಯ ಗುರುತು, ಯಾವ ಹುಲ್ಲು ಯಾವ ತಿಂಗಳಲ್ಲಿ ಬೀಜ ಬಿಡುತ್ತದೆಂಬ ಅರಿವು ಇವೆಲ್ಲ ಪಂಜರದ ಲೆಕ್ಕಕ್ಕೆ ಬರುವುದಿಲ್ಲ.

ದಕ್ಷಿಣ ಅಮೆರಿಕದ ಕೆಂಪು ಸಿಸ್ಕಿನ್ ಹಕ್ಕಿಯ ಕಥೆ ಇನ್ನೂ ದುಃಖಕರ. 1920ರ ದಶಕದಲ್ಲಿ ಜರ್ಮನಿಯ ಹ್ಯಾನ್ಸ್ ಡುಂಕರ್ ಎಂಬಾತನು ಹಳದಿ ಕ್ಯಾನರಿಯನ್ನು ಕೆಂಪಾಗಿಸಬೇಕೆಂದು ವೆನೆಜುವೆಲಾದ ಈ ಪುಟ್ಟ ಕೆಂಪು ಹಕ್ಕಿಯೊಡನೆ ಸಂಕರ ಮಾಡಿಸಿದನು. ಮರಿ ಮಾಡಿಸುವ ವಿದ್ಯೆ ಫಲಿಸಿತು. ಕೆಂಪು ಕ್ಯಾನರಿಯ ಆಸೆ ಲೋಕಕ್ಕೆ ಹರಡಿತು. ಪ್ರತಿಯೊಬ್ಬ ಸಾಕಣೆಗಾರನಿಗೂ ಕಾಡಿನ ಗಂಡು ಸಿಸ್ಕಿನ್ ಬೇಕಾಯಿತು. ವೆನೆಜುವೆಲಾ ಸರಕಾರ 1940ರ ದಶಕದಲ್ಲೇ ವ್ಯಾಪಾರವನ್ನು ನಿಷೇಧಿಸಿದರೂ ಬಲೆ ನಿಲ್ಲಲಿಲ್ಲ. ಇಲ್ಲಿ ಪಂಜರದ ಸಾಕಣೆ ಕಾಡಿನ ಹಕ್ಕಿಯನ್ನು ಅಗ್ಗ ಮಾಡಲಿಲ್ಲ, ದುಬಾರಿ ಮಾಡಿತು. ವಿರಳವಾದಷ್ಟೂ ಬೆಲೆ, ಬೆಲೆ ಏರಿದಷ್ಟೂ ಬಲೆ, ಬಲೆ ಹೆಚ್ಚಿದಷ್ಟೂ ವಿರಳ. ಧಾನ್ಯದ ಪೇಟೆಯಲ್ಲಿ ಅಭಾವ ಬಂದರೆ ರೈತನು ಮರುವರ್ಷ ಹೆಚ್ಚು ಬಿತ್ತುತ್ತಾನೆ, ಬೆಲೆ ಇಳಿಯುತ್ತದೆ. ಕಾಡಿನ ಹಕ್ಕಿಯನ್ನು ಬಿತ್ತುವವರಿಲ್ಲ. ಬಿ.ಕಾಂ. ಪಾಠ ಇಲ್ಲಿಗೆ ಹೊಂದುವುದಿಲ್ಲ. ಅಲ್ಲದೆ ದುರ್ಲಭವಾದದ್ದನ್ನೇ ಬಯಸುವವನಿಗೆ ಅದು ಅಗ್ಗವಾದೊಡನೆ ಬೇಡವಾಗುತ್ತದೆ. ಅವನು ಹಣ ಕೊಡುತ್ತಿರುವುದು ಹಕ್ಕಿಗಲ್ಲ, ಬೇರೆಯವರ ಬಳಿ ಅದು ಇಲ್ಲವೆಂಬುದಕ್ಕೆ. ಪರಿಗ್ರಹವೆಂದರೆ ವಸ್ತುವಲ್ಲ, ಮೂರ್ಛೆ ಎಂದು ಸೂತ್ರಕಾರರು ಹೇಳಿದ್ದು ಇಂಥದನ್ನು ಕುರಿತೇ ಇರಬೇಕು.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಅದೇ ಸಿಸ್ಕಿನ್ ಹಕ್ಕಿಗಾಗಿ ಇಂದು ವಿಜ್ಞಾನಿಗಳು ವೆನೆಜುವೆಲಾದಲ್ಲಿ ಮರಿ ಮಾಡಿಸುವ ಯತ್ನವನ್ನು ಕೈಗೊಂಡಿದ್ದಾರೆ. ಆ ಮರಿಗಳು ಮಾರಾಟಕ್ಕಲ್ಲ. ಮರಳಿ ಕಾಡಿಗೆ ಬಿಡುವ ಗುರಿ. 2000ದಲ್ಲಿ ಗಯಾನಾ ದೇಶದ ದಕ್ಷಿಣದ ಹುಲ್ಲುಗಾಡಿನಲ್ಲಿ ಯಾರೂ ನಿರೀಕ್ಷಿಸದಿದ್ದ ಸಿಸ್ಕಿನ್ ಸಮೂಹವೊಂದು ಪತ್ತೆಯಾದಾಗ, ಅಲ್ಲಿನ ಸ್ಥಳೀಯರೇ ಅದರ ಕಾವಲಿಗೆ ನಿಂತರು. ಆದ್ದರಿಂದ ಮರಿ ಮಾಡಿಸುವುದೇ ಪಾಪವೆಂದು ನಾನು ಹೇಳಲಾರೆ. ಯಾರ ಹೆಸರಿಗೂ ಆಸ್ತಿಯಾಗದೆ, ಯಾರ ಅಂಗಳಕ್ಕೂ ಶೋಭೆಯಾಗದೆ, ಹಿಂದಿರುಗಲು ಒಂದು ಕಾಡು ಕಾದಿರುವಾಗ ನಡೆಯುವ ಕೆಲಸ ಬೇರೆ. ಮಾಳಿಗೆಯ ಕೆಲಸ ಬೇರೆ. ಮೊದಲನೆಯದು ವೈದ್ಯನ ಬಂಧನದಂತೆ. ಎರಡನೆಯದಕ್ಕೆ ಆ ಹೆಸರನ್ನು ಎರವಲು ಪಡೆಯಬಾರದು.

ಇಷ್ಟು ಬರೆದು ನಿಲ್ಲಿಸಿದರೆ ಪರೋಪದೇಶ ಪಾಂಡಿತ್ಯವಾದೀತು. ನಮ್ಮ ಅಂಗಡಿಯಲ್ಲಿ ನವಣೆ ಮಾರುತ್ತೇವೆ. 2023ನ್ನು ಸಿರಿಧಾನ್ಯ ವರ್ಷವೆಂದು ವಿಶ್ವಸಂಸ್ಥೆ ಘೋಷಿಸಿದ ಮೇಲೆ ಮನುಷ್ಯರೂ ಅದನ್ನು ವಿಶೇಷವಾಗಿ ಕೇಳತೊಡಗಿದ್ದಾರೆ. ಆದರೆ ಅದಕ್ಕೂ ಎಷ್ಟೋ ವರ್ಷ ಮೊದಲಿನಿಂದ ನನ್ನ ಖಾಯಂ ಗಿರಾಕಿಗಳೆಂದರೆ ಪಂಜರದ ಹಕ್ಕಿ ಸಾಕುವವರೇ. ಫಿಂಚ್ ಜಾತಿಗೆ ನವಣೆಯೇ ಮುಖ್ಯ ಆಹಾರ. ತರುಣನ ಮಾಳಿಗೆಗೆ ಹೋಗುವ ಚೀಲವೂ ನಮ್ಮದೇ. ನನ್ನ ಮಾತುಗಳನ್ನೆಲ್ಲ ಕೇಳಿದ ನಂತರ ಅವನು ಸ್ವಲ್ಪವೂ ಕುಚೋದ್ಯವಿಲ್ಲದೆ ಕೇಳಿದನು: “ಹಾಗಾದರೆ ನೀವು ನನಗೆ ನವಣೆ ಮಾರುವುದು ಯಾವ ಲೆಕ್ಕಕ್ಕೆ?” ಪಂಜರದಲ್ಲಿರುವ ಜೀವಿಗೆ ಆಹಾರ ಕೊಡದಿದ್ದರೆ ಅನ್ನಪಾನನಿರೋಧದ ದೋಷ, ಕೊಟ್ಟರೆ ಪಂಜರದ ವ್ಯವಹಾರಕ್ಕೆ ಬೆಂಬಲ. ಈಗಾಗಲೇ ಇರುವ ಹಕ್ಕಿಗೆ ಅನ್ನ ನಿಲ್ಲಿಸಬಾರದೆಂಬುದರಲ್ಲಿ ನನಗೆ ಸಂಶಯವಿಲ್ಲ. ಹೊಸ ಪಂಜರಗಳಿಗಾಗಿ ಹೊಸ ಗಿರಾಕಿಯನ್ನು ಹುಡುಕುವುದನ್ನು ನಿಲ್ಲಿಸಿದ್ದೇನೆ. ಅಂಗಡಿಯ ಮುಂದೆ ಬಣ್ಣದ ಹಕ್ಕಿಯ ಚಿತ್ರವಿದ್ದ ಫಲಕವನ್ನು ತೆಗೆಸಿದ್ದೇನೆ. ಇದು ಪೂರ್ಣ ಉತ್ತರವಲ್ಲವೆಂದು ಬಲ್ಲೆ. ಮಗನಿಗೆ ಇದೂ ಅತಿಯೆನಿಸಿದೆ.

ಹಿಂದೊಮ್ಮೆ ಆಬೂ ಯಾತ್ರೆಗೆ ಹೋಗಿದ್ದೆವು. ದಿಲ್ವಾಡಾದ ಮಂದಿರಗಳು ಶ್ವೇತಾಂಬರ ಸಂಪ್ರದಾಯದವು. ಆದರೂ ಅಮೃತಶಿಲೆಯ ಆ ಕೆತ್ತನೆಯ ಮುಂದೆ ಪಂಥಭೇದ ನೆನಪಿಗೆ ಬರುವುದಿಲ್ಲ. ವಸ್ತುಪಾಲ ತೇಜಪಾಲರೆಂಬ ವಣಿಕ ಕುಲದ ಮಂತ್ರಿ ಸಹೋದರರು 1230ರ ಸುಮಾರಿಗೆ ಕಟ್ಟಿಸಿದ ಲೂಣವಸಹಿ ನೇಮಿನಾಥ ಸ್ವಾಮಿಯ ಆಲಯ. ಅಲ್ಲಿನ ಒಳಮಾಡಿನಲ್ಲಿ ಸ್ವಾಮಿಯ ವಿವಾಹಯಾತ್ರೆಯನ್ನು ಕೆತ್ತಿದ್ದಾರೆ. ಮದುವೆಯ ಔತಣಕ್ಕಾಗಿ ದೊಡ್ಡಿಯಲ್ಲಿ ಕೂಡಿಹಾಕಿದ ಪ್ರಾಣಿಗಳ ಆಕ್ರಂದನವನ್ನು ಕೇಳಿ ರಥವನ್ನು ಹಿಂದಿರುಗಿಸಿ ಗಿರಿನಾರಕ್ಕೆ ನಡೆದ ಕಥೆಯನ್ನು ನಮ್ಮ ಮನೆಗಳ ಮಕ್ಕಳೂ ಬಲ್ಲರು. ಈ ಸಲ ಅದನ್ನು ನೆನೆದಾಗ ಒಂದು ಅಂಶ ಹೊಳೆಯಿತು. ಸ್ವಾಮಿಯು ಆ ಪ್ರಾಣಿಗಳನ್ನು ಕೊಂಡು ಬಿಡಿಸಿ ಮದುವೆಗೆ ಮುಂದುವರಿಯಲಿಲ್ಲ. ಆ ದೊಡ್ಡಿಗೆ ಕಾರಣವಾಗಿದ್ದ ಔತಣವನ್ನೇ ಬಿಟ್ಟನು.

ಮಂದಿರದಿಂದ ಗುರುಶಿಖರದ ಕಡೆಗೆ ಹೋಗುವ ದಾರಿಯಲ್ಲಿ ಓರಿಯಾ ಎಂಬ ಹಳ್ಳಿಯಿದೆ, ಅಚಲಗಢವೂ ಸಮೀಪವೇ. ಹಸಿರು ಮುನಿಯಾವನ್ನು ಕಾಣಬಯಸುವವರು ದೇಶ ವಿದೇಶಗಳಿಂದ ಬಂದು ನಿಲ್ಲುವುದು ಅಲ್ಲಿಯೇ. ಬೆಳಿಗ್ಗೆ ಹೊಲದ ಬದುವಿನ ಕಲ್ಲುಗೋಡೆಯ ಹತ್ತಿರ ಅರ್ಧ ಗಂಟೆ ನಿಂತೆವು. ಗೋಡೆಯಾಚೆಯ ಹುಲ್ಲು ಅಲುಗಿ, ಒಂಬತ್ತೋ ಹತ್ತೋ ಹಕ್ಕಿಗಳು ಒಟ್ಟಿಗೆ ಎದ್ದು ಮುಳ್ಳುಪೊದೆಯ ಮೇಲೆ ಕುಳಿತವು. ಎಲೆಗಳ ನಡುವೆ ಹಸಿರು ಕಾಣಲಿಲ್ಲ. ಮೊದಲು ಕಂಡದ್ದು ಕೆಂಪು ಕೊಕ್ಕುಗಳೇ. ಕ್ಷೀಣವಾದ ಚೀ ಚೀ ಸ್ವರ. ಎರಡು ನಿಮಿಷವಾಗುವಷ್ಟರಲ್ಲಿ ಹಾರಿಹೋದವು. ನನ್ನ ಪತ್ನಿ, “ಇವನ್ನೇ ಏನು ನೀವು ಮುಂಬಯಿಯಲ್ಲಿ ಕೊಂಡದ್ದು?” ಎಂದು ಕೇಳಿದಳು. ಅಲ್ಲವೆಂದೆ.

ತರುಣನಿಗೆ ನಾನು ಕೊಟ್ಟ ಉತ್ತರ ಹೀಗೆ: ಬಂಡವಾಳ ಹಾಕಲಾರೆ, ನೀನೂ ಕೊಳ್ಳಬೇಡ, ಈಗ ನಿನ್ನ ಬಳಿಯಿರುವ ಹಕ್ಕಿಗಳನ್ನು ಬಯಲಿಗೆ ಬಿಡಬೇಡ, ಅವು ಇಲ್ಲಿ ಬದುಕಲಾರವು, ಬದುಕಿದರೆ ಇಲ್ಲಿನವಕ್ಕೆ ತೊಂದರೆ, ಅವನ್ನು ಕೊನೆಯವರೆಗೆ ಚೆನ್ನಾಗಿ ನೋಡಿಕೋ, ಇನ್ನು ಮರಿ ಮಾಡಿಸಬೇಡ. ಮೊದಲ ಎರಡನ್ನು ಅವನು ಒಪ್ಪಿದನು. ಕೊನೆಯದಕ್ಕೆ ಸುಮ್ಮನಿದ್ದನು. ಅವನ ಗೌಲ್ಡಿಯನ್ ಹೆಣ್ಣೊಂದು ಆಗಲೇ ಐದು ಮೊಟ್ಟೆಯಿಟ್ಟು ಕಾವಿಗೆ ಕುಳಿತಿತ್ತು.

ನಮ್ಮ ಟ್ರಸ್ಟಿನ ಲೆಕ್ಕಪತ್ರದಲ್ಲಿ ‘ಪಕ್ಷಿಮೋಚನ’ ಎಂಬ ಶೀರ್ಷಿಕೆ ಇಂದಿಗೂ ಇದೆ. 1986ರಲ್ಲಿ ಅದನ್ನು ತೆರೆಸಿದವನು ನಾನೇ. ಮಹಾವೀರ ಜಯಂತಿಗೆ ಹಕ್ಕಿ ಕೊಳ್ಳಲೆಂದು ಭಕ್ತರು ಕೊಡುವ ಹಣ ಅಲ್ಲಿಗೆ ಜಮೆಯಾಗುತ್ತದೆ. ಆ ಹಣವನ್ನು ದಿಲ್ಲಿಯ ಲಾಲ್ ಮಂದಿರದ ಆವರಣದಲ್ಲಿರುವ, ಗಾಯಗೊಂಡ ಹಕ್ಕಿಗಳಿಗೆ ಚಿಕಿತ್ಸೆ ನೀಡುವ ಪಕ್ಷಿ ಆಸ್ಪತ್ರೆಗೆ ಕಳುಹಿಸಬೇಕೆಂದೂ, ಶೀರ್ಷಿಕೆಯನ್ನು ಮುಚ್ಚಬೇಕೆಂದೂ ಕಳೆದ ಸಭೆಯಲ್ಲಿ ಸೂಚಿಸಿದೆ. ಮಕ್ಕಳು ಹಕ್ಕಿ ಹಾರುವುದನ್ನು ನೋಡಿ ಸಂತೋಷಪಡುತ್ತಾರೆ, ಪರಂಪರೆಯನ್ನು ಏಕೆ ನಿಲ್ಲಿಸಬೇಕು ಎಂದು ಇಬ್ಬರು ಹಿರಿಯ ಸದಸ್ಯರು ಕೇಳಿದರು. ಬಣ್ಣದ ನೀರಿನ ತಟ್ಟೆಯ ಕಥೆಯನ್ನು ಅವರಿಗೆ ಮೊದಲ ಸಲ ಹೇಳಿದೆ. ವಿಷಯವನ್ನು ಮುಂದಿನ ಸಭೆಗೆ ಇಡಲಾಗಿದೆ.